ಅಂದಿನ ಅಟ್ಟ, ಇಂದಿನ ಸಜ್ಜ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮುಂಚೆ ಮಾತಾಡಿದವರು ಷೇರು, ಸಾಲ, ವಸೂಲಿ, ಲಾಭಾಂಶ ಎಲ್ಲವನ್ನೂ ಅಂಕಿ ಅಂಶ ಸಮೇತ ಹೇಳಿದ್ದಾರೆ. ಅವೆಲ್ಲ ಈ ಸಂಚಿಕೆಯಲ್ಲೂ ಅಚ್ಚಾಗುತ್ತವೆ. ನಾನು ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವನು. ದೊಡ್ಡ ದೊಡ್ಡ ಲೆಕ್ಕ ಹೇಳುವ ಶಕ್ತಿ ನನಗಿಲ್ಲ. ನನಗೆ ಕೊಟ್ಟಿರುವ ವಿಷಯ 'ಅಂದಿನ ಮನೆ, ಇಂದಿನ ಮನೆ'. ಅದರಲ್ಲೂ ಮನೆಯೊಳಗೆ ದವಸ, ಸಾಮಾನು ಇಡುವ ಜಾಗದ ಬಗ್ಗೆ ಮಾತ್ರ ಮಾತಾಡ್ತೀನಿ. ಇದಕ್ಕೂ ಸಂಘಕ್ಕೂ ಏನು ಸಂಬಂಧ ಅಂತ ಹಿಂದಿನ ಸಾಲಿನಲ್ಲಿ ಯಾರೋ ನಗ್ತಾ ಇದ್ದಾರೆ. ಸಂಬಂಧ ಇದೆ. ಕೊನೆಗೆ ನಮ್ಮ ಗೋದಾಮಿನ ಬಾಗಿಲಿಗೇ ಬಂದು ನಿಲ್ತೀನಿ. ಅಲ್ಲೀವರೆಗೆ ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮದು ರಾಗಿ ಮತ್ತು ತೆಂಗಿನ ಸೀಮೆ. ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ಹಳೇ ಮನೆಗಳನ್ನು ನೋಡಿದವರಿಗೆ ಒಂದು ವಿಷಯ ಗೊತ್ತು. ಆ ಮನೆಗಳನ್ನು ಜನ ಮಲಗುವುದಕ್ಕೆ ಅಂತ ಕಟ್ಟಿದ್ದಲ್ಲ. ದವಸ ಇಡುವುದಕ್ಕೆ ಅಂತ ಕಟ್ಟಿ, ಮಿಕ್ಕ ಜಾಗದಲ್ಲಿ ಜನ ಮಲಗ್ತಿದ್ರು. ಗಂಡಸರು ಜಗುಲಿ ಮೇಲೆ, ಮುದುಕರು ಪಡಸಾಲೆಯಲ್ಲಿ, ಹೆಂಗಸರು ಮಕ್ಕಳು ನಡುಮನೆಯಲ್ಲಿ ವಾಡೆಗಳ ಸಂದಿಯಲ್ಲಿ. ಬೆಚ್ಚಗಿರುವ, ಒಣಗಿರುವ, ಬೀಗ ಹಾಕಬಹುದಾದ ಒಳ್ಳೇ ಜಾಗವೆಲ್ಲ ರಾಗಿಗೆ, ಕಾಳಿಗೆ, ಕಾಯಿಗೆ ಮೀಸಲು.

ಮೊದಲು ಹಗೇವಿನ ಮಾತು ಹೇಳ್ತೀನಿ. ಈಗಿನ ಹುಡುಗರಿಗೆ ಈ ಪದವೇ ಗೊತ್ತಿಲ್ಲ. ನಾನು ಚಿಕ್ಕವನಾಗಿದ್ದಾಗ ಊರಲ್ಲಿ ಇನ್ನೂ ಕೆಲವು ಉಳಿದಿದ್ದವು. ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ನೆಲ ನೋಡಿ ಗುಂಡಿ ತೋಡ್ತಿದ್ರು. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೋದಂತೆ ಹೊಟ್ಟೆ ಅಗಲ, ಗುಡಾಣದ ಹಾಗೆ. ಸೌದೆ, ಸೊಪ್ಪುಸದೆ ಹಾಕಿ ಬೆಂಕಿ ಹಚ್ಚಿ ಒಳಗೋಡೆ ಸುಟ್ಟು ಗಟ್ಟಿ ಮಾಡ್ತಿದ್ರು. ತಳಕ್ಕೂ ಸುತ್ತಲಿಗೂ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿ ಸುರಿದು, ಮೇಲೆ ಹುಲ್ಲು ಹಾಕಿ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಮುಗೀತು. ಅದರ ಮೇಲೆ ಗಾಡಿ ಹೋಗ್ತಿತ್ತು, ಮಕ್ಕಳು ಆಡ್ತಿದ್ರು. ಕಳ್ಳನಿಗೆ ಕೆಳಗೆ ರಾಗಿ ಇದೆ ಅಂತಲೇ ಗೊತ್ತಾಗ್ತಿರಲಿಲ್ಲ.

ಅದರಲ್ಲಿ ರಾಗಿ ಹತ್ತಾರು ವರ್ಷ ಕೆಡದೆ ಇರ್ತಿತ್ತು. ಇದು ಬರೀ ಅಜ್ಜಿ ಕತೆ ಅಲ್ಲ, ಇದಕ್ಕೆ ಲೆಕ್ಕ ಇದೆ. ರಾಗಿ ಕಾಳು ಸಣ್ಣದು, ಗಟ್ಟಿ ಸಿಪ್ಪೆಯದು. ಅಕ್ಕಿ, ಜೋಳ, ಅವರೆ ತಿಂದ ಹಾಗೆ ಹುಳ ಅದನ್ನು ಸುಲಭವಾಗಿ ತಿನ್ನಲಾರದು. ಇನ್ನೊಂದು, ಮುಚ್ಚಿದ ಗುಂಡಿಗೆ ಹೊರಗಿನ ಗಾಳಿ ಹೋಗುವುದಿಲ್ಲ. ಒಳಗಿರುವ ಆಮ್ಲಜನಕವನ್ನು ಕಾಳು, ಹುಳ ಎಲ್ಲ ಸೇರಿ ಉಸಿರಾಡಿ ಮುಗಿಸುತ್ತವೆ. ಆಮೇಲೆ ಉಳಿಯುವುದು ಇಂಗಾಲದ ಡೈ ಆಕ್ಸೈಡು. ಹುಳ ಅಲ್ಲೇ ಸಾಯುತ್ತದೆ. ಈಗ ಅಂಗಡಿಯಲ್ಲಿ ಗಾಳಿಯಾಡದ ಮೂರು ಪದರದ ಚೀಲ ಅಂತ ಮಾರ್ತಾರಲ್ಲ, ಅದರ ಕೆಲಸವೂ ಇದೇ. ನಮ್ಮ ತಾತಂದಿರು ಅದನ್ನು ಮಣ್ಣಲ್ಲೇ ಮಾಡಿದ್ದರು.

ಹಗೇವು ತೆಗೆಯುವ ದಿನ ಮಾತ್ರ ಹುಷಾರಾಗಿರಬೇಕಿತ್ತು. ಬಾಯಿ ತೆಗೆದು ಹೊತ್ತುಗಟ್ಟಲೆ ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡ್ತಿದ್ರು. ದೀಪ ಉರೀತಾ ಇದ್ದರೆ ಮನುಷ್ಯ ಇಳೀಬಹುದು. ಆರಿಹೋದರೆ ಯಾರೂ ಇಳಿಯುವ ಹಾಗಿಲ್ಲ. ಆತುರಪಟ್ಟು ಇಳಿದವರು ಅಲ್ಲೇ ಉಸಿರು ಬಿಟ್ಟಿದ್ದೂ ಉಂಟು, ಅವರನ್ನು ಎತ್ತಲು ಹೋದವರೂ ಸತ್ತಿದ್ದುಂಟು.

ಯಾಕೆ ಇಷ್ಟೊಂದು ಜತನ ಮಾಡಿ ಎರಡು ಮೂರು ವರ್ಷದ ರಾಗಿ ಇಡ್ತಿದ್ರು? ಬರದ ಭಯ. ಧಾತು, ಈಶ್ವರ ಸಂವತ್ಸರದ ಬರ ಅಂತ ಹಳಬರು ಹೇಳ್ತಿದ್ರು. ಅದು 1876ರಿಂದ 78ರವರೆಗಿನ ಮಾತು. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಆ ಬರ ಕಂಡವರ ಮಕ್ಕಳು ಮೊಮ್ಮಕ್ಕಳಿಗೆ ರಾಗಿ ಅಂದರೆ ದುಡ್ಡಲ್ಲ, ಪ್ರಾಣ.

ವರ್ಷದ ಊಟದ ರಾಗಿ ಮನೆಯೊಳಗೆ ವಾಡೆಯಲ್ಲಿ ಇರ್ತಿತ್ತು. ಕುಂಬಾರರು ಮಾಡಿಕೊಟ್ಟ ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ, ಸಂದಿಗೆ ಮಣ್ಣು ಮೆತ್ತಿ, ಆಳೆತ್ತರ ನಿಲ್ಲಿಸ್ತಿದ್ರು. ಮೇಲಿಂದ ತುಂಬೋದು, ಕೆಳಗಿನ ತೂತಿನಿಂದ ತೆಗೆಯೋದು. ತೂತಿಗೆ ಬಟ್ಟೆ ತುರುಕಿರ್ತಿದ್ರು. ಇದರಲ್ಲಿ ಒಂದು ಜಾಣತನ ಗಮನಿಸಬೇಕು. ಮೇಲಿಂದ ಹೊಸದು ಬಿದ್ದರೂ ಕೆಳಗಿನ ಹಳೇದೇ ಮೊದಲು ಖರ್ಚಾಗ್ತದೆ. ಇವತ್ತು ನಾವು ಚೀಲದ ಮೇಲೆ ಚೀಲ ಪೇರಿಸ್ತೀವಿ. ಮೇಲಿನದು ತೆಗೆದು ತಿಂತೀವಿ, ಕೆಳಗಿನದು ಮೂರು ವರ್ಷದ್ದು ಮುಗ್ಗು ಹಿಡಿದಿರ್ತದೆ.

ವಾಡೆ ಇಲ್ಲದ ಕಡೆ ಬಿದಿರಿನ ಕಣಜ, ಅದಕ್ಕೆ ಒಳಗೂ ಹೊರಗೂ ಸಗಣಿ ಮಣ್ಣಿನ ಲೇಪ. ಬಿತ್ತನೆ ಕಾಳಿಗೆ ಸೋರೆಬುರುಡೆ, ಒಲೆ ಮೇಲುಗಡೆ ಹೊಗೆ ತಾಗುವ ಕಡೆ ನೇತು ಹಾಕೋದು. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡೋದು, ಹುರುಳಿಗೆ ಬೂದಿ ಬೆರೆಸೋದು, ಮೇಲೆ ಬೇವಿನ ಸೊಪ್ಪೋ ಲಕ್ಕಿ ಸೊಪ್ಪೋ ಹಾಕೋದು. ಈ ವಿದ್ಯೆ ಎಲ್ಲ ಹೆಂಗಸರದು. ಗಂಡಸರಿಗೆ ಕಾಳು ಬೆಳೆಯೋದು ಗೊತ್ತಿತ್ತೇ ಹೊರತು ಅದನ್ನು ಮುಂದಿನ ಮಳೆಗಾಲದವರೆಗೆ ಉಳಿಸೋದು ಗೊತ್ತಿರಲಿಲ್ಲ. ಈ ಮಾತಿಗೆ ತಾಯಂದಿರು ಚಪ್ಪಾಳೆ ತಟ್ಟಿದ್ದು ನ್ಯಾಯವಾಗಿಯೇ ಇದೆ.

ಇನ್ನು ಅಡಿಗೆ ಮನೆಯಲ್ಲಿ ಅಡಕಲು ಮಡಕೆ, ಕೆಳಗೆ ದೊಡ್ಡದು, ಮೇಲೆ ಮೇಲೆ ಚಿಕ್ಕದು. ಒಂದರಲ್ಲಿ ಉಪ್ಪು, ಒಂದರಲ್ಲಿ ಹುಣಸೆಹಣ್ಣು, ಒಂದರಲ್ಲಿ ಮೆಣಸಿನಕಾಯಿ. ಯಾವುದೋ ಒಂದು ಮಡಕೆ ತಳದಲ್ಲಿ ಹಾಲು ಮೊಸರು ಮಾರಿದ ದುಡ್ಡು. ಅದು ಯಾವ ಮಡಕೆ ಅನ್ನೋದು ಮನೆ ಯಜಮಾನನಿಗೂ ಗೊತ್ತಿರ್ತಿರಲಿಲ್ಲ. ನಮ್ಮೂರ ಮೊದಲನೇ ಉಳಿತಾಯ ಖಾತೆ ಅದೇ ಅಂತ ನಾನು ತಮಾಷೆಗೆ ಹೇಳ್ತಿರ್ತೀನಿ. ಬೆಕ್ಕಿಗೂ ಇರುವೆಗೂ ಸಿಗಬಾರದು ಅಂತ ಬೆಣ್ಣೆ, ಮೊಸರು ನೆಲವಿನ ಮೇಲೆ. ಗೋಡೆಯಲ್ಲಿ ಗೂಡು, ಅದರಲ್ಲಿ ದೀಪ, ಕುಂಕುಮದ ಭರಣಿ, ಕಂದಾಯದ ರಸೀತಿ. ಬಟ್ಟೆಗೆ ಒಂದು ಗಳ, ಒಂದು ಮರದ ಪೆಟ್ಟಿಗೆ. ಅಷ್ಟೇ. ಆಗ ಬಟ್ಟೆಯೂ ಅಷ್ಟೇ ಇದ್ದದ್ದು.

ಈಗ ಅಟ್ಟ. ನಮ್ಮ ಕಡೆ ಅಟ್ಟ ಇಲ್ಲದ ಮನೆಗೆ ಹೆಣ್ಣು ಕೊಡ್ತಿರಲಿಲ್ಲ ಅಂದರೆ ಹೆಚ್ಚು ಮಾತಲ್ಲ. ಬಲಿತ ಕಾಯಿ ಕಿತ್ತು, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಎಂಟು ತಿಂಗಳಿಂದ ಒಂದು ವರ್ಷ ಅಲ್ಲೇ ಇರಬೇಕು. ಅಟ್ಟಕ್ಕೆ ದಬ್ಬೆ ಹಾಸಿ ಸಂದಿ ಬಿಟ್ಟಿರ್ತಿದ್ರು, ಕೆಳಗಿನ ಒಲೆ ಹೊಗೆ ಕಾಯಿಗೆ ತಾಗ್ತಿತ್ತು. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಸುಲಿದು ಒಡೆದರೆ ಗುಂಡಗಿನ ಗಿಟುಕು. ತಿಪಟೂರಿನ ಉಂಡೆ ಕೊಬ್ಬರಿಗೆ ಹೆಸರು ಬಂದದ್ದು ಈ ಅಟ್ಟಗಳಿಂದ. ಕೊಬ್ಬರಿ ಗಿಡದಲ್ಲಿ ಆಗೋದಿಲ್ಲ, ಅಟ್ಟದಲ್ಲಿ ಆಗ್ತದೆ.

ಹಾಗಂತ ಹಳೇದೆಲ್ಲ ಚಿನ್ನ ಅಂತ ಹೇಳಲು ನಾನು ಇಲ್ಲಿ ನಿಂತಿಲ್ಲ. ಹಳೇ ಮನೆಯಲ್ಲಿ ಇಲಿ, ಹೆಗ್ಗಣ, ಅವುಗಳ ಹಿಂದೆ ಹಾವು. ಗೆದ್ದಲು ಹತ್ತಿದರೆ ಅಟ್ಟವೇ ಕೂರ್ತಿತ್ತು. ಹೊಗೆ ಕಾಯಿಗೆ ಒಳ್ಳೇದು, ಒಲೆ ಮುಂದೆ ಕೂತ ಹೆಂಗಸಿನ ಕಣ್ಣಿಗೆ, ಎದೆಗೆ ಕೆಟ್ಟದ್ದು. ಇನ್ನೊಂದು ಮಾತು ಬಹಳ ಜನ ಮರೀತಾರೆ. ಹಗೇವು ಎಲ್ಲರ ಮನೆಯಲ್ಲೂ ಇರಲಿಲ್ಲ. ಊರಿಗೆ ನಾಲ್ಕೈದು ಮನೆಯವರದು ಇರ್ತಿತ್ತು. ಜಮೀನಿಲ್ಲದವರ ಮನೆಯಲ್ಲಿ ಎರಡು ಮಡಕೆ ರಾಗಿ, ಅದೂ ಯುಗಾದಿ ಹೊತ್ತಿಗೆ ಖಾಲಿ. ಆಷಾಢ, ಶ್ರಾವಣದಲ್ಲಿ ಹಗೇವು ಇದ್ದವರ ಬಾಗಿಲಿಗೆ ಹೋಗಿ ಕುಕ್ಕೆ ಹಿಡಿದು ನಿಲ್ಲಬೇಕು. ಒಂದು ಪಲ್ಲ ತಂದರೆ ಸುಗ್ಗಿಯಲ್ಲಿ ಒಂದೂವರೆ ಪಲ್ಲ ಅಳೀಬೇಕು. ಹೀಗೆ ತಂದು ಅಳೆದವರ ಮೊಮ್ಮಕ್ಕಳು ಈ ಸಭೆಯಲ್ಲೂ ಇದ್ದಾರೆ. ಆದ್ದರಿಂದ ಹಗೇವು ಅಂದರೆ ಬರೀ ಗುಂಡಿ ಅಲ್ಲ. ಕಾಯುವ ಶಕ್ತಿ ಯಾರಿಗೆ ಇತ್ತೋ ಅವರ ಮಾತೇ ಊರಲ್ಲಿ ನಡೀತಿತ್ತು.

ಈಗ ಇಂದಿನ ಮನೆಗೆ ಬರೋಣ. ಈ ಭಾಷಣಕ್ಕೆ ಅಂತಲೇ ಹದಿನೈದು ದಿನದಿಂದ ನಮ್ಮ ಊರಿನ, ಪಕ್ಕದ ಊರಿನ ಹೊಸ ಮನೆಗಳನ್ನು ನೋಡಿಕೊಂಡು ಬಂದೆ. ಎಲ್ಲರೂ ಪ್ರೀತಿಯಿಂದ ಕಾಫಿ ಕೊಟ್ಟು ತೋರಿಸಿದರು. ಆರ್.ಸಿ.ಸಿ. ತಾರಸಿ, ಫಳಫಳ ಹೊಳೆಯುವ ಟೈಲ್ಸು, ಹಾಲಿನಲ್ಲಿ ಷೋಕೇಸು, ರೂಮಿನಲ್ಲಿ ಗೋಡೆ ತುಂಬ ವಾರ್ಡ್‌ರೋಬು, ದೇವರ ಮನೆಗೆ ಕೆತ್ತನೆ ಬಾಗಿಲು, ಅಡಿಗೆ ಮನೆಯಲ್ಲಿ ಫ್ರಿಡ್ಜು, ಗ್ಯಾಸು, ಮೇಲೆ ಕಾಂಕ್ರೀಟು ಸಜ್ಜ. ಸಂತೋಷ ಆಯ್ತು. ನಮ್ಮ ಹೆಣ್ಣುಮಕ್ಕಳು ಹೊಗೆಯಿಂದ ತಪ್ಪಿಸಿಕೊಂಡರಲ್ಲ, ಅದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ಆದರೆ ಹೋದ ಕಡೆಯೆಲ್ಲ ನಾನು ಒಂದೇ ಪ್ರಶ್ನೆ ಕೇಳಿದೆ: "ರಾಗಿ ಎಲ್ಲಿ ಇಟ್ಟಿದ್ದೀರಿ?"

ಒಬ್ಬರು ಮಹಡಿ ಮೆಟ್ಟಿಲ ಕೆಳಗೆ ತೋರಿಸಿದರು. ಒಬ್ಬರು ಮಂಚದ ಕೆಳಗೆ. ಇನ್ನೊಬ್ಬರ ಮನೆಯಲ್ಲಿ ಕಾರಿಗೆ ಅಂತ ಬಿಟ್ಟ ಜಾಗದಲ್ಲಿ ರಾಗಿ ಚೀಲ, ಕಾರಿಗೆ ಬೀದಿಯಲ್ಲಿ ಬಿಸಿಲು. ಒಂದು ಮನೆಯಲ್ಲಿ ರೂಮಿಗೆ ಅಂಟಿದ ಬಚ್ಚಲಿನ ಬಾಗಿಲು ತೆಗೆದರೆ ಒಳಗೆ ಹನ್ನೆರಡು ಚೀಲ ರಾಗಿ! ಅಲ್ಲಿಯ ಅಜ್ಜಿ ನಗ್ತಾ ಹೇಳಿದರು: "ಕೋಣೆಯಾಗೆ ಕಕ್ಕಸು ಕಟ್ಟವ್ರೆ ಕಣಪ್ಪ, ನಂಗೆ ಅಲ್ಲಿ ಹೋಗಾಕೆ ಮನಸ್ಸು ಬರಾಕಿಲ್ಲ. ರಾಗಿನಾದ್ರೂ ಇರ್ಲಿ ಬಿಡು ಅಂತ ಇಡಿಸ್ದೆ." ಹೊಸ ಮನೆಗಳ ಪ್ಲಾನುಗಳನ್ನೂ ನೋಡಿದೆ. ಟೀವಿಗೆ ಜಾಗ, ಶೂಗೆ ಜಾಗ, ಬಟ್ಟೆ ಒಗೆಯುವ ಮೆಷಿನ್ನಿಗೆ ಜಾಗ ಇದೆ. ಕೃಷಿಕನ ಮನೆಯ ಪ್ಲಾನಿನಲ್ಲಿ ಬೆಳೆಗೆ ಜಾಗ ಇಲ್ಲ. ಎಂಜಿನಿಯರನ್ನು ಬೈದು ಪ್ರಯೋಜನ ಇಲ್ಲ. ಪಟ್ಟಣದ ಮನೆ ಬರೆದು ಅಭ್ಯಾಸ ಅವರಿಗೆ. ಬೇಕು ಅಂತ ನಾವು ಕೇಳಬೇಕು.

ಜಾಗ ಹೋದದ್ದಕ್ಕೆ ಬರೀ ಷೋಕಿ ಕಾರಣ ಅಲ್ಲ, ಅದನ್ನೂ ಹೇಳ್ತೀನಿ. ಮನೆ ಪಾಲಾದಾಗ ಅಟ್ಟವೂ ಪಾಲಾಯ್ತು, ಮಧ್ಯೆ ಗೋಡೆ ಬಂತು. ಮರದ ಬೆಲೆ ಏರಿತು. ಕೋತಿ ಕಾಟಕ್ಕೆ ಹೆಂಚು ಉಳಿಯಲಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಗೆ ಹೊಟ್ಟೆ ಭಯ ಕಮ್ಮಿ ಆಯ್ತು, ಅದು ಒಳ್ಳೇದೇ. ಮೊದಲು ಪೈರು ಕೊಯ್ದು ಮೆದೆ ಹಾಕಿ, ತೆನೆಯಲ್ಲೇ ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಕಣ ಮಾಡಿ ಒಕ್ಕಣೆ ಮಾಡ್ತಿದ್ರು. ಮೆದೆಯೂ ಒಂದು ಉಗ್ರಾಣವೇ. ಈಗ ಕಟಾವು ಮೆಷಿನ್ನು ಬೆಳಿಗ್ಗೆ ಹೊಲಕ್ಕೆ ಇಳಿದರೆ ಮಧ್ಯಾಹ್ನಕ್ಕೆ ರಾಗಿ ಟ್ರಾಕ್ಟರಿನಲ್ಲಿರ್ತದೆ. ಕೂಲಿ ಉಳೀತು, ಸರಿ. ಆದರೆ ಆ ರಾಗಿಯಲ್ಲಿ ಹಸಿ ಇರ್ತದೆ. ಅದನ್ನು ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಾದ ತಾರಸಿ ಕೆಳಗೆ ಪೇರಿಸಿದರೆ ಬೆವರಿ ಮುಗ್ಗಾಗ್ತದೆ. ದವಸ ಇಡಬೇಕಾದರೆ ತೇವ ನೂರಕ್ಕೆ 12ರ ಒಳಗೆ ಇರಬೇಕು. ಹಳಬರು ಹಲ್ಲಿಗೆ ಹಾಕಿ ಕಟ್ ಅಂದರೆ ಸರಿ ಅಂತಿದ್ರು. ಈಗ ಅದಕ್ಕೂ ಮೀಟರ್ ಬಂದಿದೆ.

ಜಾಗ ಇಲ್ಲದ್ದರಿಂದ ಏನಾಗ್ತಿದೆ ನೋಡಿ. ನವೆಂಬರು, ಡಿಸೆಂಬರಿನಲ್ಲಿ ಕಟಾವು. ಮನೆಯಲ್ಲಿ ಇಡಲು ಆಗಲ್ಲ, ಮಕ್ಕಳ ಫೀಸು ಬೇರೆ ಕಾಯ್ತಿರ್ತದೆ. ಹೊಲದ ಬದುವಿಗೇ ವ್ಯಾಪಾರಿ ಲಾರಿ ಬರ್ತದೆ, ಹೇಳಿದ ರೇಟಿಗೆ ತುಂಬಿ ಕಳಿಸ್ತೀವಿ. ಸರ್ಕಾರ 2025-26ನೇ ಸಾಲಿಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿದೆ. ಹಿಂದಿನ ಸಾಲಿನಲ್ಲಿ ಅದು 4,290 ಇತ್ತು. ಆದರೆ ಖರೀದಿ ಕೇಂದ್ರ ನಾವು ಕೊಯ್ದ ದಿನವೇ ತೆಗೆಯೋದಿಲ್ಲ. ಹೆಸರು ನೋಂದಾಯಿಸಿ, ಸರದಿ ಬರುವವರೆಗೆ ರಾಗಿಯನ್ನು ಒಣಗಿದ ಹಾಗೇ ಕಾಪಾಡಿಕೊಳ್ಳಬೇಕು. ಆ ಕೆಲವು ವಾರ ಇಟ್ಟುಕೊಳ್ಳಲು ಜಾಗ ಇದ್ದವನಿಗೆ ಬೆಂಬಲ ಬೆಲೆ, ಇಲ್ಲದವನಿಗೆ ಬದುವಿನ ಬೆಲೆ. ಕ್ವಿಂಟಲಿಗೆ ಬರೀ 500 ರೂಪಾಯಿ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಇಪ್ಪತ್ತು ಕ್ವಿಂಟಲಿಗೆ 10,000 ರೂಪಾಯಿ. ಮೆಟ್ಟಿಲ ಕೆಳಗೆ ಹಿಡಿಯದ ಚೀಲದ ಬೆಲೆ ಅದು. ಅದೇ ಮನೆಯವರು ಆಷಾಢದಲ್ಲಿ ಅಂಗಡಿಯಿಂದ ರಾಗಿ ಹಿಟ್ಟಿನ ಪ್ಯಾಕೆಟ್ಟು ತರೋದನ್ನೂ ನಾನು ಕಂಡಿದ್ದೀನಿ.

ಕೊಬ್ಬರಿಯದು ಇನ್ನೂ ಕಣ್ಣಿಗೆ ಹೊಡೆಯುವ ಹಾಗಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಇತ್ತು, ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ರೈತರು ಬೀದಿಗಿಳಿದದ್ದು ನಿಮಗೆ ನೆನಪಿದೆ. 2025ರಲ್ಲಿ ಅದೇ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ 20,000 ದಾಟಿ ಹೋಯ್ತು. ಆ ಹೊತ್ತಿಗೆ ಅಟ್ಟದಲ್ಲೋ ಶೆಡ್ಡಿನಲ್ಲೋ ಕಾಯಿ ಇದ್ದವರು ಸಾಲ ತೀರಿಸಿಕೊಂಡರು. ಹೊಸ ಮನೆ ಕಟ್ಟಿ ಅಟ್ಟ ಕಳಕೊಂಡು, ಕಿತ್ತ ಕಾಯಿ ತೋಟದಲ್ಲೇ ಎಣಿಸಿ ಕೊಟ್ಟವರಿಗೆ ಕಾಯಿಯ ಬೆಲೆ ಸಿಕ್ಕಿರಬಹುದು, ಕೊಬ್ಬರಿಯ ಬೆಲೆ ಸಿಗಲಿಲ್ಲ. ಬೆಲೆ ಹೀಗೇ ಏರ್ತದೆ ಅಂತ ನಾನು ಹೇಳ್ತಿಲ್ಲ, ಇಳಿಯಲೂಬಹುದು. ಕಾಯುವುದೋ ಮಾರುವುದೋ ಅನ್ನೋದನ್ನು ರೈತ ತೀರ್ಮಾನ ಮಾಡಬೇಕು, ಅವನ ಮನೆಯ ಗೋಡೆ ಮಾಡಬಾರದು.

ಇನ್ನೊಂದು ಅಪಾಯದ ಮಾತು. ಇದನ್ನು ತಾಯಂದಿರು ಕಿವಿಗೊಟ್ಟು ಕೇಳಬೇಕು. ಅವರೆ, ಅಕ್ಕಿ, ಜೋಳಕ್ಕೆ ಕುಟ್ಟೆ, ನುಸಿ ಹಿಡೀತು ಅಂತ ಕೆಲವರು ಅಂಗಡಿಯಿಂದ 'ಹುಳದ ಮಾತ್ರೆ' ತಂದು ಚೀಲದ ಮಧ್ಯೆ ಇಡ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಅನ್ನೋ ವಿಷ ಅನಿಲ ಬರ್ತದೆ. ಹುಳ ಸಾಯೋದು ಅದರಿಂದಲೇ, ಮನುಷ್ಯ ಸಾಯೋದೂ ಅದರಿಂದಲೇ. ಅದಕ್ಕೆ ಮದ್ದೂ ಇಲ್ಲ. ತರಬೇತಿ ಪಡೆದವರ ಉಸ್ತುವಾರಿಯಲ್ಲಿ, ಜನ ವಾಸ ಇಲ್ಲದ ಗೋದಾಮಿನಲ್ಲಿ ಹೊದಿಕೆ ಹೊದಿಸಿ ಹಾಕಬೇಕಾದ ವಸ್ತು ಅದು. ಹಳೇ ಮನೆಯಲ್ಲಿ ದವಸದ ಕೋಣೆ ಬೇರೆ ಇತ್ತು. ಈಗ ಮಂಚದ ಕೆಳಗೆ ಚೀಲ, ಮಂಚದ ಮೇಲೆ ಮಕ್ಕಳು, ಕಿಟಕಿ ಸೊಳ್ಳೆಗೆ ಅಂತ ಮುಚ್ಚಿರ್ತದೆ. ದಯವಿಟ್ಟು ಆ ಮಾತ್ರೆಯನ್ನು ಮನೆ ಹೊಸಿಲು ದಾಟಿಸಬೇಡಿ. ಮನೆಯ ಮಟ್ಟಕ್ಕೆ ಬೇವಿನ ಸೊಪ್ಪು, ಕೆಮ್ಮಣ್ಣು, ಕಾಳಿಗೆ ಸ್ವಲ್ಪ ಹರಳೆಣ್ಣೆ ಸವರೋದು, ಬಿಸಿಲು, ಇಷ್ಟು ಸಾಕು. ಸ್ವಲ್ಪ ಖರ್ಚು ಮಾಡೋರು ಬಿಗಿಯಾದ ಮುಚ್ಚಳದ ಡ್ರಮ್ಮು ಅಥವಾ ಆಗಲೇ ಹೇಳಿದ ಗಾಳಿಯಾಡದ ಚೀಲ ತರಬಹುದು. ಆ ಚೀಲಕ್ಕೆ ಇಲಿ ಹಲ್ಲು ತಾಗಬಾರದು, ಪದೇ ಪದೇ ಬಾಯಿ ಬಿಚ್ಚಬಾರದು, ಹಸಿ ಕಾಳು ಹಾಕಬಾರದು. ಒಂದು ತೂತು ಬಿದ್ದರೂ ಅದು ಬರೀ ಚೀಲ.

ಹೊಸ ಮನೆ ಕಟ್ಟಿಸುವವರಿಗೆ ಒಂದು ಬೇಡಿಕೆ. ಹತ್ತಡಿ ಉದ್ದ ಎಂಟಡಿ ಅಗಲದ ಒಂದು ಕೋಣೆ ದವಸಕ್ಕೆ ಅಂತ ಬಿಡಿ. ಪಶ್ಚಿಮದ ಬಿಸಿಲು ನೇರ ಹೊಡೆಯದ ಕಡೆ, ನೆಲ ಒಂದು ಅಡಿ ಎತ್ತರ, ಕಿಟಕಿಗೆ ಇಲಿ ನುಗ್ಗದ ಜಾಲರಿ. ಕೊಬ್ಬರಿ ಮಾಡುವವರು ತಾರಸಿ ಮೇಲೆ ಶೀಟು ಹಾಕಿ, ಗಾಳಿಯಾಡುವ ಹಾಗೆ ದಬ್ಬೆ ಅಟ್ಟ ಮಾಡಿಕೊಳ್ಳಬಹುದು. ಈಗಾಗಲೇ ನಾಲ್ಕೈದು ಜನ ಮಾಡಿಕೊಂಡಿದ್ದಾರೆ, ಹೋಗಿ ನೋಡಿ.

ಆದರೆ ಎರಡು ಎಕರೆಯವನು, ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದವನು ಎಲ್ಲಿ ಕೋಣೆ ಬಿಡ್ತಾನೆ? ಅವನಿಗೆ ಹಗೇವು ಅಂದೂ ಇರಲಿಲ್ಲ, ಇಂದೂ ಇಲ್ಲ. ಇಲ್ಲಿಗೆ ನಾನು ಗೋದಾಮಿನ ಬಾಗಿಲಿಗೆ ಬಂದೆ.

ಸಹಕಾರ ಅನ್ನೋದು ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಬಡ್ಡಿಯವರ ಬಾಗಿಲಿಗೆ ರೈತ ಹೋಗಬಾರದು ಅನ್ನೋದು ಇಂಥ ಸಂಘಗಳ ಮೂಲ. ದುಡ್ಡಿನ ಸಾಲದ ಮಟ್ಟಿಗೆ ನಮ್ಮ ಸಂಘ 25 ವರ್ಷದಲ್ಲಿ ಆ ಕೆಲಸ ಮಾಡಿದೆ. ದವಸದ ಮಟ್ಟಿಗೆ ಇನ್ನೂ ಮಾಡಿಲ್ಲ. ನಮ್ಮ ಗೋದಾಮು ಬಿತ್ತನೆ ಕಾಲದಲ್ಲಿ ಗೊಬ್ಬರದಿಂದ ತುಂಬಿರ್ತದೆ. ಸುಗ್ಗಿ ಕಾಲದಲ್ಲಿ, ಅಂದರೆ ನಮಗೆ ನಿಜವಾಗಿ ಜಾಗ ಬೇಕಾದ ಮೂರು ನಾಲ್ಕು ತಿಂಗಳು, ಮುಕ್ಕಾಲು ಪಾಲು ಖಾಲಿ ಬಿದ್ದಿರ್ತದೆ. ಇದನ್ನು ನಾನು ಕಣ್ಣಾರೆ ನೋಡಿ ಹೇಳ್ತಿದ್ದೀನಿ.

ನನ್ನ ಸಲಹೆ ಇಷ್ಟು. ಗೋದಾಮಿನ ಮಧ್ಯೆ ಗೋಡೆ ಎಬ್ಬಿಸಿ ಎರಡು ಮಾಡೋಣ. ಗೊಬ್ಬರ, ಔಷಧಿ ಒಂದು ಕಡೆ, ಬಾಗಿಲೂ ಬೇರೆ. ದವಸದ ಜೊತೆ ಅವು ಒಂದೇ ಸೂರಿನ ಗಾಳಿಯಲ್ಲಿ ಇರಬಾರದು. ಇನ್ನೊಂದು ಭಾಗದಲ್ಲಿ ಸದಸ್ಯರ ರಾಗಿ, ಕೊಬ್ಬರಿ. ನೆಲಕ್ಕೆ ಮರದ ಹಲಗೆ, ಗೋಡೆಯಿಂದ ಎರಡು ಅಡಿ ಬಿಟ್ಟು ಚೀಲ ಜೋಡಿಸೋದು, ತೂಕದ ಯಂತ್ರ ಸಂಘದ್ದು ಇದ್ದೇ ಇದೆ, ತೇವದ ಮೀಟರ್ ಒಂದು ಕೊಳ್ಳೋದು. ಹಸಿ ರಾಗಿ ಯಾರದೇ ಆಗಲಿ, ನಿರ್ದೇಶಕರದೇ ಆಗಲಿ, ವಾಪಸ್. ಇಟ್ಟವರಿಗೆ ತೂಕ, ತೇವ, ತಾರೀಖು ಬರೆದ ರಸೀತಿ. ತಿಂಗಳಿಗೆ ಚೀಲಕ್ಕೆ ಇಷ್ಟು ಅಂತ ಬಾಡಿಗೆ, ಅದನ್ನು ಸರ್ವ ಸದಸ್ಯರ ಸಭೆ ಗೊತ್ತು ಮಾಡಲಿ. ಅರ್ಜೆಂಟು ದುಡ್ಡು ಬೇಕಾದವರಿಗೆ ಇಟ್ಟ ದವಸದ ಮೇಲೆ ಅಡಮಾನ ಸಾಲ. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಉಗ್ರಾಣದ ರಸೀತಿ ಮೇಲೆ ಸಾಲ ಸಿಗಲಿ ಅಂತಲೇ ಕೇಂದ್ರ ಸರ್ಕಾರ 2007ರಲ್ಲಿ ಕಾನೂನು ಮಾಡಿದೆ. 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಗೋದಾಮಿಗೆ ಪಡೆದ ಸಾಲಕ್ಕೆ, ಎರಡು ಕೋಟಿವರೆಗೆ, ನೂರಕ್ಕೆ 3ರಷ್ಟು ಬಡ್ಡಿ ರಿಯಾಯಿತಿ ಇಟ್ಟರು, ನಮ್ಮಂಥ ಸಂಘಗಳಿಗೂ ಅದರಲ್ಲಿ ಅವಕಾಶ ಇತ್ತು. 2023ರಲ್ಲಿ ಸಹಕಾರ ಸಂಘಗಳಲ್ಲೇ ದವಸ ಸಂಗ್ರಹ ಮಾಡುವ ದೊಡ್ಡ ಯೋಜನೆಗೆ ಒಪ್ಪಿಗೆ ಆಗಿ, 2024ರ ಫೆಬ್ರವರಿಯಲ್ಲಿ ಮೊದಲು 11 ಸಂಘಗಳ ಗೋದಾಮು ಉದ್ಘಾಟನೆ ಆಯ್ತು. ನಾವು ಅಷ್ಟು ದೊಡ್ಡದಕ್ಕೆ ಕೈ ಹಾಕೋದು ಬೇಡ. ಒಂದು ಗೋಡೆ, ಒಂದಷ್ಟು ಹಲಗೆ, ಒಂದು ಮೀಟರ್, ಇಷ್ಟರಿಂದ ಶುರು ಮಾಡೋಣ.

"ಯಾರದೋ ಚೀಲ ಯಾರಿಗೋ ಹೋದರೆ?" ಅಂತ ಅಧ್ಯಕ್ಷರು ಆಡಳಿತ ಮಂಡಳಿ ಸಭೆಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಹಳೇ ಮನೆಯಲ್ಲಿ ಉಗ್ರಾಣದ ಬೀಗದ ಕೈ ಹಿರೀ ಸೊಸೆಯ ಸೊಂಟದಲ್ಲಿ ಇರ್ತಿತ್ತು, ಒಂದು ಸೇರು ರಾಗಿ ಆಚೆ ಹೋದರೂ ಅವಳಿಗೆ ಗೊತ್ತಾಗ್ತಿತ್ತು. ಹಾಗೇ ಇಲ್ಲೂ ಎರಡು ಬೀಗ ಹಾಕೋಣ. ಒಂದರ ಕೈ ಕಾರ್ಯದರ್ಶಿಗಳ ಹತ್ತಿರ, ಇನ್ನೊಂದರದು ಸ್ತ್ರೀಶಕ್ತಿ ಗುಂಪಿನವರು ಆರಿಸಿ ಕೊಟ್ಟ ಒಬ್ಬ ಹೆಣ್ಣುಮಗಳ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆಗೀಬೇಕು, ಪುಸ್ತಕದಲ್ಲಿ ಇಬ್ಬರ ಸಹಿ ಇರಬೇಕು.

ಬರುವ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯವನ್ನು ನಿರ್ಣಯಕ್ಕೆ ಇಡಬೇಕು ಅಂತ ಕಾರ್ಯದರ್ಶಿಗಳಿಗೆ ಬರವಣಿಗೆಯಲ್ಲೇ ಕೊಟ್ಟಿದ್ದೀನಿ. ಒಪ್ಪುವವರು ಬನ್ನಿ, ಒಪ್ಪದವರು ಖಂಡಿತ ಬನ್ನಿ. ಬರುವಾಗ ನಿಮ್ಮ ಮನೆಯಲ್ಲಿ ಈ ಸುಗ್ಗಿಗೆ ಎಷ್ಟು ಚೀಲಕ್ಕೆ ಜಾಗ ಸಾಲದೆ ಹೋಗ್ತದೆ ಅನ್ನೋದನ್ನು ಮನೆಯಲ್ಲಿ ಹೆಂಗಸರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಎಷ್ಟು ಅಡಿ ಗೋಡೆ ಎಬ್ಬಿಸಬೇಕು ಅನ್ನೋ ಲೆಕ್ಕಕ್ಕೆ ಅದು ಬೇಕು.